ಕಾರು ಕೇಳಿ ಹೇಳಿ: ನೈಟ್ರಸ್ ಹಾಕಿಸುವ ಮುನ್ನ ಪೆಟ್ರೋಲ್ ಲೆಕ್ಕ

ಈ ಸಲ ಬಂದ ಪತ್ರಗಳಲ್ಲಿ ನೈಟ್ರಸ್ ಬಗ್ಗೆ, ಅಂದರೆ ಬಾಟಲ್‌ನಿಂದ ಇಂಜಿನ್ನಿಗೆ ಬಿಟ್ಟು ಸ್ವಲ್ಪ ಹೊತ್ತು ಶಕ್ತಿ ಹೆಚ್ಚಿಸುವ ನೈಟ್ರಸ್ ಆಕ್ಸೈಡ್ ಗ್ಯಾಸ್ ಬಗ್ಗೆ, ಕೇಳಿದವರೇ ಜಾಸ್ತಿ. ಹಾಗಾಗಿ ಈ ಸಂಚಿಕೆಯ ಅಂಕಣವನ್ನು ಪೂರ್ತಿ ಅದಕ್ಕೇ ಬಿಟ್ಟಿದ್ದೇನೆ. ಮೈಲೇಜ್, ಎಸಿ, ಕ್ಲಚ್ ಬಗ್ಗೆ ಬರೆದವರಿಗೆ ಮುಂದಿನ ಸಂಚಿಕೆಯಲ್ಲಿ ಖಂಡಿತ ಉತ್ತರ ಕೊಡುತ್ತೇನೆ.

ಮೇಡಂ, ನನ್ನ ಹತ್ತಿರ 2002ರ ಹೋಂಡಾ ಸಿಟಿ ವಿಟೆಕ್ ಇದೆ. ಇಂಜಿನ್ ಇದುವರೆಗೆ ಬಿಚ್ಚಿಲ್ಲ, ನಾಲ್ಕೂ ಸಿಲಿಂಡರ್‌ನಲ್ಲಿ ಕಂಪ್ರೆಷನ್ ಚೆನ್ನಾಗಿದೆ. ಟರ್ಬೊ ಹಾಕಿಸುವಷ್ಟು ದುಡ್ಡಿಲ್ಲ. 50 ಎಚ್‌ಪಿ ನೈಟ್ರಸ್ ಕಿಟ್ ಹಾಕಿಸಬಹುದಾ? ಇಂಜಿನ್ ಉಳಿಯುತ್ತಾ?
– ಮೈಸೂರಿನ ಓದುಗರು

ಕಾರನ್ನು ಇಷ್ಟು ಜೋಪಾನವಾಗಿ ಇಟ್ಟುಕೊಂಡಿದ್ದೀರಿ ಅಂತ ಓದಿ ಖುಷಿಯಾಯಿತು. ಆ 1.5 ಲೀಟರ್ ವಿಟೆಕ್ ಹೊಸದಾಗಿದ್ದಾಗ 106 ಎಚ್‌ಪಿ ಕೊಡುತ್ತಿತ್ತು. ಇಷ್ಟು ವರ್ಷವಾದ ಮೇಲೂ ಹುಡುಗರು ಅದನ್ನು ಹುಡುಕಿಕೊಂಡು ಹೋಗುವುದು ಸುಮ್ನೆ ಅಲ್ಲ.

ಈಗ ನೈಟ್ರಸ್ ವಿಷಯಕ್ಕೆ ಬರೋಣ. ನೈಟ್ರಸ್ ಆಕ್ಸೈಡ್ ಇಂಧನವಲ್ಲ. ಬೆಂಕಿಕಡ್ಡಿ ಹಿಡಿದರೆ ಅದು ಹತ್ತಿಕೊಳ್ಳುವುದಿಲ್ಲ. ಅದರ ತೂಕದಲ್ಲಿ ಶೇಕಡಾ 36ರಷ್ಟು ಆಕ್ಸಿಜನ್ ಇದೆ. ನಾವು ಉಸಿರಾಡುವ ಗಾಳಿಯಲ್ಲಿ ತೂಕದ ಲೆಕ್ಕದಲ್ಲಿ ಇರುವುದು ಶೇಕಡಾ 23. ಸಿಲಿಂಡರ್ ಒಳಗಿನ ಬಿಸಿಗೆ ನೈಟ್ರಸ್ ಒಡೆದು ಆ ಆಕ್ಸಿಜನ್ ಹೊರಬರುತ್ತದೆ. ಒಡೆಯುವಾಗ ಒಂದಿಷ್ಟು ಶಾಖವನ್ನೂ ಕೊಡುತ್ತದೆ. ಇನ್ನೊಂದು ಲಾಭವಿದೆ. ಬಾಟಲ್‌ನಿಂದ ದ್ರವವಾಗಿ ಬರುವ ನೈಟ್ರಸ್ ಹೊರಗೆ ಬಿದ್ದ ತಕ್ಷಣ ಮೈನಸ್ 88 ಡಿಗ್ರಿಯಲ್ಲಿ ಕುದಿದು ಆವಿಯಾಗುತ್ತದೆ. ಅದರಿಂದ ಇಂಜಿನ್ನಿಗೆ ಹೋಗುವ ಗಾಳಿ ತಣ್ಣಗಾಗಿ ದಟ್ಟವಾಗುತ್ತದೆ.

ಆದರೆ ಶಕ್ತಿ ಬರುವುದು ಪೆಟ್ರೋಲಿನಿಂದಲೇ. ನೈಟ್ರಸ್ ಮಾಡುವುದು ಹೆಚ್ಚು ಪೆಟ್ರೋಲ್ ಉರಿಯಲು ಅವಕಾಶ ಮಾಡಿಕೊಡುವ ಕೆಲಸ ಮಾತ್ರ. 50 ಎಚ್‌ಪಿ ಹೆಚ್ಚಿಗೆ ಬೇಕೆಂದರೆ ನಿಮಿಷಕ್ಕೆ ಕಾಲು ಲೀಟರ್‌ಗಿಂತ ಸ್ವಲ್ಪ ಜಾಸ್ತಿ ಪೆಟ್ರೋಲ್ ಹೆಚ್ಚಿಗೆ ಹೋಗಬೇಕು. ಬಟನ್ ಒತ್ತಿದ ಕ್ಷಣದಿಂದಲೇ ಹೋಗಬೇಕು, ನಾಲ್ಕೂ ಸಿಲಿಂಡರ್‌ಗೆ ಸಮನಾಗಿ ಹೋಗಬೇಕು. ಪೆಟ್ರೋಲ್ ಕಡಿಮೆಯಾಗಿ ನೈಟ್ರಸ್ ಮಾತ್ರ ಪೂರ್ತಿ ಹೋದರೆ ಒಳಗಿನ ಶಾಖ ವಿಪರೀತ ಏರುತ್ತದೆ, ನಾಕಿಂಗ್ (ಪೆಟ್ರೋಲ್ ತಾನಾಗಿ ಸಿಡಿದು ಬಡಿಯುವುದು) ಶುರುವಾಗುತ್ತದೆ. ರಿಂಗ್ ಲ್ಯಾಂಡ್ (ಪಿಸ್ಟನ್ನಿನಲ್ಲಿ ರಿಂಗ್‌ಗಳ ನಡುವಿನ ಅಂಚು) ಮುರಿಯಲು, ಪಿಸ್ಟನ್ ತಲೆ ಕರಗಲು ಕೆಲವೇ ಸೆಕೆಂಡ್ ಸಾಕು. ನಮ್ಮಪ್ಪ ಪೀಣ್ಯದಲ್ಲಿ ಡೀಸೆಲ್ ಪಂಪ್ ಕ್ಯಾಲಿಬ್ರೇಷನ್ ಮಾಡುತ್ತಿದ್ದವರು. ಯಾವ ಗಾಡಿ ಬಂದರೂ ಅವರು ಮೊದಲು ಕೇಳುತ್ತಿದ್ದುದು ಇಂಧನ ಎಷ್ಟು ಹೋಗುತ್ತಿದೆ ಅಂತ. ಅದೇ ಶೆಡ್‌ನಲ್ಲಿ ಈಗ ಪೆಟ್ರೋಲ್ ಕಾರು ಟ್ಯೂನ್ ಮಾಡುವ ನಾನೂ ಅದನ್ನೇ ಕೇಳುತ್ತೇನೆ. ನನ್ನ ಮೇಜಿನ ಮೇಲೆ ಒಂದು ಪಿಸ್ಟನ್ ಇದೆ. ಎಕ್ಸಾಸ್ಟ್ ವಾಲ್ವ್ ಕಡೆಯ ಅಂಚು ಕರಗಿ ಹೋಗಿದೆ. ಎಲ್ಲೋ ನೈಟ್ರಸ್ ಹಾಕಿಸಿಕೊಂಡು ಆಮೇಲೆ ನಮ್ಮಲ್ಲಿಗೆ ಟೋ ಆಗಿ ಬಂದ ಕಾರಿನದು. ಕಿಟ್ ಚೆನ್ನಾಗಿಯೇ ಇತ್ತು. ಕೆಟ್ಟಿದ್ದು ಒಂದು ಫ್ಯೂಯೆಲ್ ಫಿಲ್ಟರ್. ಕಟ್ಟಿಕೊಂಡು ಅರ್ಧ ಮುಚ್ಚಿ ಹೋಗಿತ್ತು. ಆ ಕಾರು ಊರಲ್ಲಿ ಓಡಾಡುವಾಗ ಆ ದೋಷ ಗೊತ್ತೇ ಆಗಿರಲಿಲ್ಲ.

ಆದ್ದರಿಂದ ನಿಮ್ಮ ಕಾರಿನ ಮಟ್ಟಿಗೆ ಕೆಲಸದ ಕ್ರಮ ಹೀಗೆ. ಮೊದಲು ಹೊಸ ಫ್ಯೂಯೆಲ್ ಫಿಲ್ಟರ್, ಹೊಸ ಪಂಪ್. ಪಂಪ್‌ಗೆ ಹೋಗುವ ಹಳೆಯ ವೈರಿಂಗ್‌ನಲ್ಲಿ ವೋಲ್ಟೇಜ್ ಬೀಳುತ್ತಿದೆಯಾ ಅಂತ ಮೀಟರ್ ಹಿಡಿದು ನೋಡಿಸಿ. ಇಂಜೆಕ್ಟರ್ ನಾಲ್ಕನ್ನೂ ಬಿಚ್ಚಿಸಿ ಫ್ಲೋ ಟೆಸ್ಟ್ ಮಾಡಿಸಿ. ಒಂದು ಇಂಜೆಕ್ಟರ್ ಶೇಕಡಾ ಹತ್ತು ಕಡಿಮೆ ಕೊಟ್ಟರೂ ಆ ಸಿಲಿಂಡರ್ ಮೊದಲು ಹೋಗುತ್ತದೆ. ಇದಕ್ಕೆಲ್ಲ ಕಿಟ್‌ಗಿಂತ ತುಂಬ ಕಡಿಮೆ ಖರ್ಚು. ಇದನ್ನು ಬಿಟ್ಟು ಬಾಟಲ್ ತಂದರೆ ಯಾವ ಮೆಕ್ಯಾನಿಕ್ಕೂ ನಿಮ್ಮ ಇಂಜಿನ್ ಉಳಿಸಲಾರರು.

ಕಿಟ್‌ನಲ್ಲಿ ಎರಡು ಬಗೆ. ಡ್ರೈ ಅಂದರೆ ನೈಟ್ರಸ್ ಮಾತ್ರ ಹೋಗುತ್ತದೆ, ಹೆಚ್ಚಿನ ಪೆಟ್ರೋಲನ್ನು ಕಾರಿನ ಇಂಜೆಕ್ಟರ್‌ಗಳೇ ಕೊಡಬೇಕು. ವೆಟ್ ಅಂದರೆ ಒಂದೇ ನಾಜಲ್‌ನಲ್ಲಿ ನೈಟ್ರಸ್, ಪೆಟ್ರೋಲ್ ಎರಡೂ ಬರುತ್ತವೆ. ನಿಮ್ಮ ಇಂಜಿನ್ನಿನ ಕಂಪ್ಯೂಟರ್, ಅಂದರೆ ಇಸಿಯುಗೆ, ನೈಟ್ರಸ್ ಬಂದಿದೆ ಅಂತ ಗೊತ್ತೇ ಆಗುವುದಿಲ್ಲ, ಹಾಗಾಗಿ ನಾನಾದರೆ ವೆಟ್ ಕಿಟ್ ಆರಿಸುತ್ತೇನೆ. ಅದೂ ಮೊದಲು 25 ಎಚ್‌ಪಿ ಜೆಟ್ (ಎಷ್ಟು ಹರಿಯಬೇಕು ಅಂತ ನಿರ್ಧರಿಸುವ ಸಣ್ಣ ತೂತಿನ ಭಾಗ) ಹಾಕಿ. ಹೊಗೆ ಅಳೆಯುವ ವೈಡ್‌ಬ್ಯಾಂಡ್ ಮೀಟರ್‌ನಲ್ಲಿ ಲ್ಯಾಂಬ್ಡಾ (1ಕ್ಕಿಂತ ಕಡಿಮೆ ಇದ್ದರೆ ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಜಾಸ್ತಿ ಅಂತ ಅರ್ಥ) 0.80ರಿಂದ 0.85ರ ಒಳಗೆ ನಿಲ್ಲುತ್ತಿದೆ ಅಂತ ಡೈನೊ (ಕಾರಿನ ಶಕ್ತಿ ಅಳೆಯುವ ಯಂತ್ರ) ಮೇಲೆ ನೋಡಿದ ಮೇಲೆ ಮಾತ್ರ 50ರ ಮಾತು. ಈಗ ಬಂಕ್‌ಗಳಲ್ಲಿ ಸಿಗುವುದು ಇ20 ಪೆಟ್ರೋಲ್. ಅದರಲ್ಲಿ ಎಥನಾಲ್ ಇರುವುದರಿಂದ ಗಾಳಿ ಮತ್ತು ಪೆಟ್ರೋಲಿನ ಹಳೆಯ ಅನುಪಾತದ ಅಂಕಿಗಳು ಹೊಂದುವುದಿಲ್ಲ. ಮೀಟರನ್ನು ಲ್ಯಾಂಬ್ಡಾದಲ್ಲೇ ಓದಿ. ನಿಮ್ಮದು ಹಳೆಯ ಕಾರು, ಎಥನಾಲ್‌ಗೆ ರಬ್ಬರ್ ಪೈಪು, ಸೀಲುಗಳು ತಡೆಯುತ್ತವೆಯಾ ಅದನ್ನೂ ನೋಡಿಸಿ.

ಪ್ರತಿ 50 ಎಚ್‌ಪಿಗೆ ಇಗ್ನಿಷನ್ ಟೈಮಿಂಗ್ ಸುಮಾರು 2 ಡಿಗ್ರಿ ಹಿಂದೆ ತೆಗೆಯಬೇಕು. ನೈಟ್ರಸ್ ಹೋದಾಗ ಉರಿ ಬೇಗ ಹರಡುತ್ತದೆ, ಮೊದಲಿನಷ್ಟು ಮುಂಚೆ ಕಿಡಿ ಬೇಕಿಲ್ಲ. ಸ್ಪಾರ್ಕ್ ಪ್ಲಗ್ ಒಂದು ಹೀಟ್ ರೇಂಜ್ ತಣ್ಣನೆಯದು (ಶಾಖವನ್ನು ಬೇಗ ಬಿಟ್ಟುಕೊಡುವಂಥದ್ದು) ಹಾಕಿಸಿ, ಗ್ಯಾಪ್ ಸ್ವಲ್ಪ ಕಿರಿದು ಮಾಡಿಸಿ. ಒಂದು ಪೂರ್ತಿ ರನ್ ಆದ ತಕ್ಷಣ ಇಂಜಿನ್ ಆಫ್ ಮಾಡಿ ಪ್ಲಗ್ ಬಿಚ್ಚಿ ನೋಡಿ. ಬಿಳಿ ಪಿಂಗಾಣಿಯ ಮೇಲೆ ಕಾಳುಮೆಣಸಿನ ಪುಡಿ ಉದುರಿಸಿದ ಹಾಗೆ ಚುಕ್ಕೆ ಕಂಡರೆ ಅಥವಾ ಬೆಳ್ಳಗೆ ಹೊಳೆಯುವ ಕಣ ಕಂಡರೆ ಅಲ್ಲಿಗೆ ನಿಲ್ಲಿಸಿ. ಆ ಹೊಳೆಯುವ ಕಣ ನಿಮ್ಮ ಪಿಸ್ಟನ್ನಿನ ಅಲ್ಯೂಮಿನಿಯಂ.

ಸ್ವಿಚ್ ವಿಷಯದಲ್ಲಿ ರಾಜಿ ಬೇಡ. ಸಿನಿಮಾದಲ್ಲಿ ತೋರಿಸುವ ಹಾಗೆ ಸ್ಟೀರಿಂಗ್ ಮೇಲಿನ ಕೆಂಪು ಬಟನ್ ಒಂದೇ ಇದ್ದರೆ ಒಂದಲ್ಲ ಒಂದು ದಿನ ಅನಾಹುತ. ಮೇನ್ ಸ್ವಿಚ್ ಆನ್ ಇರಬೇಕು, ಆಕ್ಸಿಲರೇಟರ್ ಪೂರ್ತಿ ಒತ್ತಿರಬೇಕು, ಆರ್‌ಪಿಎಂ 3000 ದಾಟಿರಬೇಕು, ರೆವ್ ಲಿಮಿಟರ್ ಮುಟ್ಟುವ ಮೊದಲು ತಾನಾಗಿ ನಿಲ್ಲಬೇಕು, ಪೆಟ್ರೋಲ್ ಪ್ರೆಷರ್ ಬಿದ್ದರೆ ಕಟ್ ಆಗಬೇಕು. ಈ ಎಲ್ಲ ಷರತ್ತು ಒಟ್ಟಿಗೆ ಸೇರಿದಾಗ ಮಾತ್ರ ಸೊಲಿನಾಯ್ಡ್ (ನೈಟ್ರಸ್ ಬಿಡುವ ಕರೆಂಟ್ ವಾಲ್ವ್) ತೆರೆಯುವಂತೆ ರಿಲೇ ಕಟ್ಟಬೇಕು.

ಪೈಪ್ ಜೋಡಿಸುವವರಿಗೆ ಒಂದು ಮಾತು ಹೇಳಿ. ಫ್ಲೇರ್ ಫಿಟಿಂಗ್‌ಗೆ ಟೆಫ್ಲಾನ್ ಟೇಪ್ ಸುತ್ತಬಾರದು. ಅದರ ಚೂರು ಹೋಗಿ ಪೆಟ್ರೋಲ್ ಜೆಟ್‌ನ ಸಣ್ಣ ತೂತಿನಲ್ಲಿ ಕೂತರೆ ಸಾಕು, ಮೇಲೆ ಹೇಳಿದ ಪಿಸ್ಟನ್ ಕಥೆಯೇ ಆಗುತ್ತದೆ. ನೈಟ್ರಸ್ ಹೋಗುವ ಯಾವ ಭಾಗಕ್ಕೂ ಎಣ್ಣೆ, ಗ್ರೀಸ್ ತಾಗಬಾರದು. ಅಷ್ಟು ಒತ್ತಡದ ನೈಟ್ರಸ್ ಜೊತೆ ಎಣ್ಣೆ ಸೇರಿದರೆ ಬೆಂಕಿ ಹತ್ತಬಹುದು.

ಇಂಜಿನ್ ಉಳಿಯುತ್ತಾ ಅಂತ ಕೇಳಿದಿರಿ. ಒಳಗಿನ ಭಾಗಗಳೆಲ್ಲ ಕಂಪನಿಯವೇ ಆಗಿದ್ದು, ಮೇಲೆ ಹೇಳಿದ್ದೆಲ್ಲ ಮಾಡಿಸಿ, 35–40 ಎಚ್‌ಪಿಯಲ್ಲಿ ನಿಂತು, ಟ್ರ್ಯಾಕ್‌ನಲ್ಲಿ ಮಾತ್ರ ಬಳಸಿದರೆ ಉಳಿಯುವ ಸಾಧ್ಯತೆ ಚೆನ್ನಾಗಿದೆ. ರಸ್ತೆಯ ಮಾತು ಬೇರೆ. ಅದನ್ನು ಕೆಳಗೆ ಬೆಂಗಳೂರಿನವರ ಪ್ರಶ್ನೆಯಲ್ಲಿ ಹೇಳಿದ್ದೇನೆ, ದಯವಿಟ್ಟು ಓದಿ.

ನಮ್ಮೂರಾಗ ಬ್ಯಾಸಗಿ ಅಂದ್ರ ನಿಮಗ ಗೊತ್ತೇ ಅದ. ನೈಟ್ರಸ್ ಬಾಟಲ್ ಡಿಕ್ಕಿಯೊಳಗ ಇಟ್ರ ಬಿಸಲಿಗೆ ಏನಾರ ಆಗ್ತದೇನ್ರಿ?
– ಕಲಬುರಗಿಯ ಓದುಗರು

ಆಗುತ್ತದೆ. ಈ ಸಲ ಬಂದದ್ದರಲ್ಲಿ ಇದೇ ಒಳ್ಳೆಯ ಪ್ರಶ್ನೆ. ನೈಟ್ರಸ್ ಬಗ್ಗೆ ಬರೆದಿರುವುದೆಲ್ಲ ಹೆಚ್ಚಾಗಿ ತಣ್ಣನೆಯ ದೇಶದವರದು. ಅವರು ಬಾಟಲ್ ಬಿಸಿ ಮಾಡುವ ಹೀಟರ್ ಬಗ್ಗೆ ಪುಟಗಟ್ಟಲೆ ಬರೆಯುತ್ತಾರೆ. ನಿಮ್ಮ ಸಮಸ್ಯೆ ಉಲ್ಟಾ.

ಬಾಟಲ್ ಒಳಗೆ ಕೆಳಗೆ ದ್ರವ, ಮೇಲೆ ಆವಿ ಇರುತ್ತದೆ. ಒತ್ತಡ ಎಷ್ಟು ಅನ್ನುವುದನ್ನು ಬಿಸಿಯೇ ತೀರ್ಮಾನಿಸುತ್ತದೆ. 20 ಡಿಗ್ರಿಯಲ್ಲಿ ಸುಮಾರು 50 ಬಾರ್. 30 ಡಿಗ್ರಿಯಲ್ಲಿ ಸುಮಾರು 63 ಬಾರ್, ಅಂದರೆ 900 ಪಿಎಸ್‌ಐ ದಾಟುತ್ತದೆ. ಹೆಚ್ಚಿನ ಕಿಟ್‌ಗಳ ಜೆಟ್ ಲೆಕ್ಕ ಹಾಕಿರುವುದು 900ರಿಂದ 1000 ಪಿಎಸ್‌ಐ ಒಳಗೆ. 36.4 ಡಿಗ್ರಿ ನೈಟ್ರಸ್‌ನ ಕ್ರಿಟಿಕಲ್ ಟೆಂಪರೇಚರ್. ಆಗ ಒತ್ತಡ 72 ಬಾರ್ ಮೀರುತ್ತದೆ. ಅದನ್ನು ದಾಟಿದರೆ ಒಳಗೆ ದ್ರವ ಬೇರೆ, ಆವಿ ಬೇರೆ ಅನ್ನುವುದೇ ಇರುವುದಿಲ್ಲ. ಎಷ್ಟೇ ಒತ್ತಿದರೂ ದ್ರವವಾಗುವುದಿಲ್ಲ. ಅಲ್ಲಿಂದ ಮುಂದೆ ಬಾಟಲ್ ಎಷ್ಟು ತುಂಬಿದೆ ಅನ್ನುವುದರ ಮೇಲೆ ಒತ್ತಡ ಏರುತ್ತಾ ಹೋಗುತ್ತದೆ. ಕಲಬುರಗಿ, ರಾಯಚೂರಿನಲ್ಲಿ ಏಪ್ರಿಲ್, ಮೇ ತಿಂಗಳ ನೆರಳಿನ ಬಿಸಿಯೇ 40 ದಾಟುತ್ತದೆ. ಬಿಸಿಲಿಗೆ ನಿಲ್ಲಿಸಿದ ಕಾರಿನ ಡಿಕ್ಕಿಯಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ.

ಇದರಿಂದ ಎರಡು ತೊಂದರೆ. ಬಾಟಲ್ ತುಂಬುವವರು ತೂಕ ನೋಡದೆ ಜಾಸ್ತಿ ತುಂಬಿದ್ದರೆ ಒತ್ತಡ ಅಪಾಯದ ಮಟ್ಟಕ್ಕೆ ಹೋಗುತ್ತದೆ. ವಾಲ್ವ್‌ನಲ್ಲಿರುವ ಸೇಫ್ಟಿ ಡಿಸ್ಕ್ ಸುಮಾರು 3000 ಪಿಎಸ್‌ಐಗೆ ಹರಿದು ಗ್ಯಾಸ್ ಹೊರಬಿಡುತ್ತದೆ. ಬಾಟಲ್ ಸಿಡಿಯದಂತೆ ಕಾಪಾಡುವುದು ಅದೇ. ಆದರೆ ಆ ಗ್ಯಾಸ್ ಎಲ್ಲಿಗೆ ಹೋಗಬೇಕು? ಕಾರಿನೊಳಗೆ ಬಂದರೆ ಕೂತವರಿಗೆ ಉಸಿರಾಡಲು ಆಕ್ಸಿಜನ್ ಸಿಗುವುದಿಲ್ಲ. ಹಾಗಾಗಿ ಡಿಸ್ಕ್‌ನಿಂದ ಕಾರಿನ ಹೊರಗೆ ಒಂದು ಪೈಪ್ ಹೋಗಲೇಬೇಕು. ಬ್ಲೋಡೌನ್ ಟ್ಯೂಬ್ ಅನ್ನುತ್ತಾರೆ. ಅದಿಲ್ಲದ ಬಾಟಲ್ ಕಂಡರೆ ಆ ಕಾರಿನಲ್ಲಿ ಕೂರಬೇಡಿ.

ಎರಡನೆಯದು ಮತ್ತೆ ಪೆಟ್ರೋಲ್ ಲೆಕ್ಕ. ಬಾಟಲ್ ಒತ್ತಡ ಏರಿದಾಗ ಅದೇ ಜೆಟ್‌ನಲ್ಲಿ ನೈಟ್ರಸ್ ಜಾಸ್ತಿ ನುಗ್ಗುತ್ತದೆ. ಪೆಟ್ರೋಲ್ ಪ್ರೆಷರ್ ಮಾತ್ರ ಮೊದಲಿನಷ್ಟೇ ಇರುತ್ತದೆ. ಬೆಳಗಿನ ತಂಪಿನಲ್ಲಿ ಸರಿಯಾಗಿ ಟ್ಯೂನ್ ಆದ ಕಾರು ಮಧ್ಯಾಹ್ನ ಲೀನ್ ಆಗಿ, ಅಂದರೆ ಪೆಟ್ರೋಲ್ ಸಾಲದೆ, ಪಿಸ್ಟನ್ ಸುಡುತ್ತದೆ. ಬಾಟಲ್‌ಗೆ ಪ್ರೆಷರ್ ಗೇಜ್ ಹಾಕಿಸಿ, ಪ್ರತಿ ರನ್ನಿಗೆ ಮೊದಲು ನೋಡಿ. ಜಾಸ್ತಿ ಇದ್ದರೆ ನೆರಳಲ್ಲಿಡಿ, ಒದ್ದೆ ಗೋಣಿ ಹೊದಿಸಿ. ಕೆಲಸ ಮುಗಿದ ಮೇಲೆ ಬಾಟಲ್ ಬಿಚ್ಚಿ ತಂಪಾದ, ಗಾಳಿಯಾಡುವ ಜಾಗದಲ್ಲಿ ನೆಟ್ಟಗೆ ಕಟ್ಟಿ ನಿಲ್ಲಿಸಿ. ಯಾವ ಕಾರಣಕ್ಕೂ ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಟ್ಟು ಹೋಗಬೇಡಿ.

ಡಿಕ್ಕಿಯಲ್ಲಿ ಜೋಡಿಸುವಾಗ ವಾಲ್ವ್ ಕಾರಿನ ಮುಂದಕ್ಕೆ, ಸ್ವಲ್ಪ ಎತ್ತರದಲ್ಲಿ ಇರಬೇಕು. ಒಳಗಿನ ಸೈಫನ್ ಟ್ಯೂಬಿನ ತುದಿ ಬಾಟಲ್‌ನ ತಳದಲ್ಲಿರುತ್ತದೆ. ಕಾರು ಮುನ್ನುಗ್ಗಿದಾಗ ದ್ರವ ಹಿಂದಕ್ಕೆ ಸರಿಯುವುದರಿಂದ ಆ ತುದಿ ದ್ರವದಲ್ಲೇ ಮುಳುಗಿರುತ್ತದೆ. ತಿರುಗುಮುರುಗಾಗಿ ಇಟ್ಟರೆ ಅರ್ಧ ದಾರಿಯಲ್ಲಿ ಬರೀ ಆವಿ ಬರುತ್ತದೆ.

ಅಕ್ಕಾ, ಕೇಕ್ ಅಂಗಡಿಯವರು ಕ್ರೀಮ್‌ಗೆ ಹಾಕುವ ಸಣ್ಣ ಕ್ಯಾಪ್ಸೂಲ್‌ನಲ್ಲಿ ಇರುವುದೂ ನೈಟ್ರಸ್ ಅಲ್ವಾ? ಅದನ್ನೇ ನನ್ನ ಸ್ವಿಫ್ಟ್‌ಗೆ ಕೊಡಬಹುದಾ?
– ಹಾಸನದ ವಿದ್ಯಾರ್ಥಿ

ಅದೂ ನೈಟ್ರಸ್ಸೇ ತಮ್ಮಾ. ಆದರೆ ಒಂದು ಕ್ಯಾಪ್ಸೂಲ್‌ನಲ್ಲಿ ಇರುವುದು 8 ಗ್ರಾಂ. 50 ಎಚ್‌ಪಿ ಕಿಟ್ ಒಂದು ಸೆಕೆಂಡಿಗೆ ಸುಮಾರು 23 ಗ್ರಾಂ ಕುಡಿಯುತ್ತದೆ. ನಿನ್ನ ಕ್ಯಾಪ್ಸೂಲ್ ಸೆಕೆಂಡಿನ ಮೂರನೇ ಒಂದು ಭಾಗಕ್ಕೆ ಮುಗಿಯಿತು. ರೇಸಿಂಗ್ ಕಿಟ್‌ನ 4.5 ಕೆಜಿ ಬಾಟಲ್ ಆದರೂ ಅದೇ ಲೆಕ್ಕದಲ್ಲಿ ಮೂರು ನಿಮಿಷ ಚಿಲ್ಲರೆ ಬರುತ್ತದೆ, ಅಷ್ಟೇ.

ಇನ್ನೊಂದು ಮಾತು. ಆ ಕ್ಯಾಪ್ಸೂಲನ್ನು ಬಲೂನಿಗೆ ತುಂಬಿ ಎಳೆಯುವ ಚಟ ಕಾಲೇಜು ಹುಡುಗರಲ್ಲಿ ಇದೆ. ಅದು ದೇಹದ ವಿಟಮಿನ್ ಬಿ12 ಕೆಲಸವನ್ನೇ ನಿಲ್ಲಿಸುತ್ತದೆ. ಕೈಕಾಲು ಜೋಮು ಹಿಡಿದು, ನರ ಹಾಳಾಗಿ, ನಡೆಯಲಾರದ ಸ್ಥಿತಿಗೆ ಬರುವವರಿದ್ದಾರೆ. ಅಮೆರಿಕದಲ್ಲಿ ಕಾರಿಗೆ ಮಾರುವ ನೈಟ್ರಸ್‌ಗೆ ಸ್ವಲ್ಪ ಸಲ್ಫರ್ ಡೈಆಕ್ಸೈಡ್ ಬೆರೆಸುವುದು ಯಾರೂ ಎಳೆಯದಿರಲಿ ಅಂತಲೇ. ಗೆಳೆಯರು ಕೊಟ್ಟರೂ ಬೇಡ ಅನ್ನು.

ನನ್ನದು 2014ರ ಪೋಲೊ ಜಿಟಿ ಟಿಎಸ್‌ಐ, ಡಿಎಸ್‌ಜಿ ಗೇರ್‌ಬಾಕ್ಸ್. ಟರ್ಬೊ ಇಂಜಿನ್ ಗಟ್ಟಿ, 50 ಎಚ್‌ಪಿ ಆರಾಮಾಗಿ ತಡೆಯುತ್ತದೆ ಅಂತ ಗೆಳೆಯರು ಹೇಳುತ್ತಾರೆ. ನಿಮ್ಮ ಅಭಿಪ್ರಾಯ?
– ಮಂಗಳೂರಿನ ಓದುಗರು

ನಿಮ್ಮ ಗೆಳೆಯರು ಇಂಜಿನ್ ನೋಡಿದರು, ಗೇರ್‌ಬಾಕ್ಸ್ ನೋಡಲಿಲ್ಲ.

ನಿಮ್ಮ 1.2 ಇಂಜಿನ್ 105 ಎಚ್‌ಪಿ, 175 ಎನ್‌ಎಂ ಟಾರ್ಕ್ (ತಿರುಗಿಸುವ ಬಲ) ಕೊಡುತ್ತದೆ. ಏಳು ಗೇರಿನ ಆ ಡ್ರೈ ಕ್ಲಚ್ ಡಿಎಸ್‌ಜಿ ಗರಿಷ್ಠ 250 ಎನ್‌ಎಂಗೆ ಮಾಡಿದ್ದು. ನೈಟ್ರಸ್ ಕೊಡುವುದು ಎಲ್ಲ ಆರ್‌ಪಿಎಂನಲ್ಲೂ ಒಂದೇ ಎಚ್‌ಪಿ. ಆದ್ದರಿಂದ ಆರ್‌ಪಿಎಂ ಕಡಿಮೆ ಇದ್ದಷ್ಟೂ ಟಾರ್ಕ್ ಜಾಸ್ತಿ. 6000 ಆರ್‌ಪಿಎಂನಲ್ಲಿ 50 ಎಚ್‌ಪಿ ಅಂದರೆ ಸುಮಾರು 59 ಎನ್‌ಎಂ. ಅದೇ 50 ಎಚ್‌ಪಿ 3000 ಆರ್‌ಪಿಎಂನಲ್ಲಿ ಸುಮಾರು 119 ಎನ್‌ಎಂ. ನಿಮ್ಮ ಇಂಜಿನ್ 3000ದಲ್ಲಿ ತನ್ನ ಪೂರ್ತಿ 175 ಕೊಡುತ್ತಿರುತ್ತದೆ. ಕೂಡಿಸಿ ನೋಡಿ, 294. ಕ್ಲಚ್ ಪ್ಲೇಟ್ ಜಾರುತ್ತದೆ, ಸುಡುತ್ತದೆ. ಆ ರಿಪೇರಿಯ ಬಿಲ್ಲು ಸಣ್ಣದಲ್ಲ.

ಹಾಕಿಸಲೇಬೇಕು ಅಂತಿದ್ದರೆ 25 ಎಚ್‌ಪಿ, ಅದೂ 4500 ಆರ್‌ಪಿಎಂ ದಾಟಿದ ಮೇಲೆ. ಆದರೆ ಟರ್ಬೊ ಕಾರಿಗೆ ಇಸಿಯು ರೀಮ್ಯಾಪ್‌ನಿಂದಲೇ (ಇಂಜಿನ್ ಕಂಪ್ಯೂಟರ್‌ನ ಸಾಫ್ಟ್‌ವೇರ್ ಬದಲಿಸುವುದರಿಂದಲೇ) ಅಷ್ಟು ಎಚ್‌ಪಿ ಸಿಗುತ್ತದೆ. ಬಾಟಲ್ ತುಂಬಿಸಲು ಓಡಾಡುವ ಕೆಲಸ ಯಾಕೆ? ನಿಮ್ಮ ಜಾಗದಲ್ಲಿದ್ದರೆ ಆ ದುಡ್ಡಿಗೆ ನಾನು ಒಳ್ಳೆಯ ಟೈರು, ಬ್ರೇಕ್ ಪ್ಯಾಡು ಹಾಕಿಸುತ್ತೇನೆ. ಚಾರ್ಮಾಡಿ ಇಳಿಯುವಾಗ ಅವೇ ಕೆಲಸಕ್ಕೆ ಬರುತ್ತವೆ.

ನನ್ನ ಮಗ ಕಾರಿಗೆ ಗ್ಯಾಸ್ ಸಿಲಿಂಡರ್ ಹಾಕಿಸ್ತೀನಿ ಅಂತ ಹಟ ಹಿಡಿದಿದ್ದಾನೆ. ಅಡುಗೆ ಗ್ಯಾಸ್ ಥರ ಅದು ಸಿಡಿಯುತ್ತಾ? ಅವನ ಅಪ್ಪ ಇಲ್ಲ, ಹೇಳಿದರೆ ಕೇಳುವುದಿಲ್ಲ. ನಿದ್ದೆ ಬರುತ್ತಿಲ್ಲ.
– ದಾವಣಗೆರೆಯ ಒಬ್ಬ ತಾಯಿ

ಅಮ್ಮಾ, ನಿಮ್ಮ ಪತ್ರ ಎರಡು ಸಲ ಓದಿದೆ. ಅಡುಗೆ ಗ್ಯಾಸಿನ ಹಾಗೆ ಇದು ಸೋರಿ ಬೆಂಕಿ ಹತ್ತಿಕೊಳ್ಳುವ ಗ್ಯಾಸ್ ಅಲ್ಲ. ಆದರೆ ಬೇರೆ ಏನಾದರೂ ಉರಿಯುತ್ತಿದ್ದರೆ ಆ ಬೆಂಕಿಯನ್ನು ಜೋರು ಮಾಡುತ್ತದೆ. ಒತ್ತಡ ಮಾತ್ರ ಅಡುಗೆ ಸಿಲಿಂಡರ್‌ಗಿಂತ ಬಹಳ ಪಟ್ಟು ಜಾಸ್ತಿ. ಸರಿಯಾದ, ಪರೀಕ್ಷೆಯಾದ ಬಾಟಲ್ ಆಗಿದ್ದರೆ ತಾನಾಗಿ ಸಿಡಿಯುವುದು ಅಪರೂಪ. ಎಲ್ಲಿಂದಲೋ ತಂದ ಹಳೆಯ ಸಿಲಿಂಡರ್, ಬೆಂಕಿಯಿಂದ ಬಿಸಿ ಮಾಡಿದ ಸಿಲಿಂಡರ್ ಸಿಡಿದದ್ದುಂಟು. ಆಸ್ಪತ್ರೆಯ ನೀಲಿ ಸಿಲಿಂಡರ್ ಹೇಗೋ ತಂದು ಹಾಕಿಕೊಡುತ್ತೇವೆ ಅನ್ನುವವರು ಸಿಕ್ಕರೆ ಅವರ ಗ್ಯಾರೇಜಿನ ಬಾಗಿಲು ತುಳಿಯಬೇಡ ಅಂತ ಮಗನಿಗೆ ಹೇಳಿ.

ನನಗೆ ಸಿಲಿಂಡರ್‌ಗಿಂತ ಜಾಸ್ತಿ ಚಿಂತೆ ರಸ್ತೆಯದು. 85 ಎಚ್‌ಪಿ ಕಾರಿಗೆ ಒಂದೇ ಕ್ಷಣದಲ್ಲಿ 50 ಎಚ್‌ಪಿ ಸೇರಿದರೆ ಮುಂದಿನ ಚಕ್ರ ಹಿಡಿತ ಬಿಡುತ್ತದೆ, ಸ್ಟೀರಿಂಗ್ ಎಳೆಯುತ್ತದೆ. ಟ್ರ್ಯಾಕ್‌ನಲ್ಲಿ ಪಕ್ಕಕ್ಕೆ ಹೋದರೆ ಜಾಗ ಇರುತ್ತದೆ. ಹೈವೇ ಬದಿಯಲ್ಲಿ ಜನ ನಡೆಯುತ್ತಿರುತ್ತಾರೆ. ಬೇಡ ಅಂತ ಬರೀ ಗದರಿಸಿದರೆ ಅವನು ನಿಮಗೆ ಹೇಳದೆ ಮಾಡಿಸಿಯಾನು. ಅವನನ್ನು ನನ್ನ ಹತ್ತಿರ ಒಂದು ದಿನ ಕಳಿಸಿ, ವಿಳಾಸ ಸಂಪಾದಕರ ಬಳಿ ಇದೆ. ಆ ಕರಗಿದ ಪಿಸ್ಟನ್ ಅವನ ಕೈಗೆ ಕೊಟ್ಟು ಮಾತಾಡುತ್ತೇನೆ. ಗಾಡಿಯ ಮೇಲೆ ಆಸೆ ಇರುವ ಹುಡುಗ ಕೆಟ್ಟವನಲ್ಲ. ಅವನಿಗೆ ಸರಿಯಾದ ಜಾಗ ತೋರಿಸಬೇಕು.

ಏರ್‌ಪೋರ್ಟ್ ರಸ್ತೆಯಲ್ಲಿ ರಾತ್ರಿ ಎಷ್ಟೋ ಕಾರು ಓಡಿಸುತ್ತಾರೆ. ಬಾಟಲ್ ಹಾಕಿಸಿ ವಾಲ್ವ್ ಮುಚ್ಚಿಟ್ಟರೆ ಪೊಲೀಸರು ಏನು ಮಾಡಲಾಗುತ್ತದೆ? ಕಾನೂನು ಏನು ಹೇಳುತ್ತದೆ?
– ಬೆಂಗಳೂರಿನ ಓದುಗರು

ಕಾನೂನು ಸ್ಪಷ್ಟವಾಗಿದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರ, ಆರ್‌ಸಿಯಲ್ಲಿರುವ ವಿವರ ಬದಲಾಗುವ ಹಾಗೆ ಮಾರ್ಪಾಡು ಮಾಡುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ಸಿಎನ್‌ಜಿ, ಎಲ್‌ಪಿಜಿ ಕಿಟ್‌ಗೆ ಅನುಮತಿಯ ದಾರಿ ಇದೆ, ನೈಟ್ರಸ್‌ಗೆ ಇಲ್ಲ. 2019ರ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್ ಪ್ರಕಾರ ಮಾರ್ಪಾಡು ಮಾಡಿಸಿದ ಮಾಲೀಕರಿಗೆ 6 ತಿಂಗಳವರೆಗೆ ಜೈಲು, ಇಲ್ಲವೇ ಒಂದೊಂದು ಮಾರ್ಪಾಡಿಗೆ 5000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ವಾಲ್ವ್ ಮುಚ್ಚಿದ್ದರೂ ಮಾರ್ಪಾಡು ಮಾರ್ಪಾಡೇ. ರಸ್ತೆಯಲ್ಲಿ ರೇಸ್ ಮಾಡಿದರೆ 189ನೇ ಸೆಕ್ಷನ್ ಬೇರೆ: ಮೊದಲ ಸಲಕ್ಕೆ 3 ತಿಂಗಳವರೆಗೆ ಜೈಲು, 5000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಸಿಲಿಂಡರ್‌ಗಳಿಗೆ 2016ರ ಗ್ಯಾಸ್ ಸಿಲಿಂಡರ್ ನಿಯಮಗಳಿವೆ. ಹೊರದೇಶದಿಂದ ಬಾಟಲ್ ತರಿಸಲು ಸ್ಫೋಟಕ, ಗ್ಯಾಸ್ ಸಿಲಿಂಡರ್‌ಗಳ ಸುರಕ್ಷತೆ ನೋಡುವ, ನಾಗಪುರದಲ್ಲಿ ಕೇಂದ್ರ ಕಚೇರಿ ಇರುವ ಪೆಸೊ ಸಂಸ್ಥೆಯ ಒಪ್ಪಿಗೆ ಬೇಕು. ಖಾಲಿ ಬಾಟಲ್‌ಗೂ ಬೇಕು.

ವಿಮೆಯ ಮಾತು ಯಾರೂ ಹೇಳುವುದಿಲ್ಲ. ನಿಮ್ಮ ಪಾಲಿಸಿ ತೆಗೆದು ಬಳಕೆಯ ಮಿತಿ ಅನ್ನುವ ಭಾಗ ಓದಿ. ರೇಸು, ವೇಗದ ಪರೀಕ್ಷೆಗೆ ಬಳಸಿದರೆ ರಕ್ಷಣೆ ಇಲ್ಲ ಅಂತ ಬರೆದಿರುತ್ತದೆ. ಮಾರ್ಪಾಡು ತಿಳಿಸದೆ ಅಪಘಾತವಾದರೆ ಕ್ಲೇಮ್ ತಿರಸ್ಕಾರವಾಗಬಹುದು. ಯಾರಾದರೂ ಸತ್ತರೆ ಪರಿಹಾರದ ಹೊರೆ ನಿಮ್ಮ ಮನೆಯವರ ಮೇಲೆ ಬೀಳಬಹುದು.

ನಾನು ರಸ್ತೆಯಲ್ಲಿ ಓಡಿಸುವ ಕಾರಿಗೆ ನೈಟ್ರಸ್ ಹಾಕಿಕೊಡುವುದಿಲ್ಲ. ಟ್ರೈಲರ್ ಮೇಲೆ ಟ್ರ್ಯಾಕ್‌ಗೆ ಹೋಗಿ ಟ್ರೈಲರ್ ಮೇಲೆ ವಾಪಸ್ ಬರುವ ಕಾರಿಗೆ ಮಾತ್ರ. ಹೊಸೂರು ದಾಟಿ ಚೆನ್ನೈ ಕಡೆ ಹೋದರೆ ಶ್ರೀಪೆರಂಬದೂರು ಹತ್ತಿರ ಇರುಂಗಟ್ಟುಕೋಟ್ಟೈ ಟ್ರ್ಯಾಕ್ ಇದೆ, ಕೊಯಮತ್ತೂರಿನಲ್ಲಿ ಕರಿ ಸ್ಪೀಡ್‌ವೇ ಇದೆ. ದೇಶದ ಮೋಟಾರ್ ರೇಸ್ ಸಂಸ್ಥೆಯಾದ ಎಫ್‌ಎಂಎಸ್‌ಸಿಐ ಒಪ್ಪಿಗೆ ಇರುವ ಸ್ಪರ್ಧೆಯಲ್ಲಿ ಆಂಬುಲೆನ್ಸ್ ಇರುತ್ತದೆ, ಕಾರಿನ ತಪಾಸಣೆ ಇರುತ್ತದೆ. ನಿಮ್ಮ ವರ್ಗದಲ್ಲಿ ನೈಟ್ರಸ್‌ಗೆ ಅವಕಾಶ ಇದೆಯಾ ಅಂತ ನಿಯಮ ಪುಸ್ತಕ ಓದಿ ಆಮೇಲೆ ದುಡ್ಡು ಹಾಕಿ.

ನನ್ನ ಕಾರು ಮಂಗಳೂರಲ್ಲಿ ಚೆನ್ನಾಗಿ ಎಳೆಯುತ್ತದೆ, ಇಲ್ಲಿ ಮಂಕಾಗುತ್ತದೆ. ಎತ್ತರದ ಊರಿಗೆ ನೈಟ್ರಸ್ ಉಪಯೋಗವಾಗುತ್ತದಾ?
– ಮಡಿಕೇರಿಯ ಓದುಗರು

ನಿಮ್ಮ ಅನುಭವ ಸರಿ. ಬೆಂಗಳೂರಿನ 920 ಮೀಟರ್ ಎತ್ತರದಲ್ಲೇ ಗಾಳಿ ಕಡಲ ತೀರಕ್ಕಿಂತ ಶೇಕಡಾ 9ರಷ್ಟು ತೆಳು. ಟರ್ಬೊ ಇಲ್ಲದ ಇಂಜಿನ್ನಿನ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ಮಡಿಕೇರಿ ಇನ್ನೂ ಎತ್ತರ. ನೈಟ್ರಸ್ ಬಾಟಲ್‌ನಿಂದ ಬರುವುದರಿಂದ ಹೊರಗಿನ ಗಾಳಿ ತೆಳುವಾದರೂ ಅದು ಕೊಡುವುದು ಅಷ್ಟೇ. ಎರಡನೇ ಮಹಾಯುದ್ಧದಲ್ಲಿ ಜರ್ಮನಿಯವರು ಇದನ್ನು ಜಿಎಂ-1 ಹೆಸರಿನಲ್ಲಿ ಯುದ್ಧವಿಮಾನಗಳಿಗೆ ಹಾಕಿದ್ದು ಅದಕ್ಕೇ. ತುಂಬ ಎತ್ತರದಲ್ಲಿ ಸೂಪರ್‌ಚಾರ್ಜರ್ ಸೋತಾಗ ನೈಟ್ರಸ್ ಬಿಡುತ್ತಿದ್ದರು. ಬ್ರಿಟಿಷರೂ ತಮ್ಮ ಕೆಲವು ಮಾಸ್ಕಿಟೊ ವಿಮಾನಗಳಲ್ಲಿ ಬಳಸಿದರು. ನನಗೆ ತುಂಬ ಇಷ್ಟವಾದ ಇತಿಹಾಸ ಇದು.

ಆದರೆ ನಿಮ್ಮ ಘಾಟ್ ರಸ್ತೆಗೆ ಇದು ಉತ್ತರವಲ್ಲ. ಕೆಲವೇ ಸೆಕೆಂಡಿನ ಎಳೆತಕ್ಕೆ ಮಾಡಿದ್ದನ್ನು ಮೂವತ್ತು ಕಿಲೋಮೀಟರ್ ಏರಿಗೆ ಬಳಸಲಾಗದು. ಮುಂದಿನ ಸಲ ಕಾರು ಕೊಳ್ಳುವಾಗ ಟರ್ಬೊ ಇಂಜಿನ್ ತೆಗೆದುಕೊಳ್ಳಿ.

ಇಲ್ಲಿ 2016ರ ಮಸ್ಟಾಂಗ್ ಜಿಟಿ ಇದೆ. ವಾರದ ರಾತ್ರಿ ಸೊನೋಮಾ ಟ್ರ್ಯಾಕ್‌ನಲ್ಲಿ ಡ್ರ್ಯಾಗ್ ಓಡಿಸುತ್ತೇನೆ. 100 ಎಚ್‌ಪಿ ವೆಟ್ ಕಿಟ್ ಯೋಚನೆ ಇದೆ. ಪಂಪ್‌ನಲ್ಲಿ ಸಿಗುವುದು 91 ಆಕ್ಟೇನ್.
– ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನ ಓದುಗರು

ನೈಟ್ರಸ್ ಕಿಟ್ ಮಾರಾಟ ದೊಡ್ಡದಾಗಿ ಬೆಳೆದದ್ದೇ ನಿಮ್ಮ ರಾಜ್ಯದಲ್ಲಿ. ಎನ್‌ಒಎಸ್ ಕಂಪನಿ 1978ರಲ್ಲಿ ಶುರುವಾದದ್ದು ಅಲ್ಲಿ. 435 ಎಚ್‌ಪಿಯ ನಿಮ್ಮ 5 ಲೀಟರ್ ವಿ8ಗೆ 100 ಎಚ್‌ಪಿ ಅಂದರೆ ಕಾಲು ಭಾಗಕ್ಕಿಂತ ಕಡಿಮೆ. ಮೈಸೂರಿನವರ ಕಾರಿಗೆ 25 ಎಚ್‌ಪಿ ಹಾಕಿದಷ್ಟೇ ಲೆಕ್ಕ. ಅಲ್ಲಿಯ 91 ಆಕ್ಟೇನ್ ನಮ್ಮ 91 ಅಲ್ಲ. ಅಳೆಯುವ ವಿಧಾನ ಬೇರೆ, ನಮ್ಮ ಲೆಕ್ಕದಲ್ಲಿ ಅದು ಸುಮಾರು 95. ಟೈಮಿಂಗ್ 4 ಡಿಗ್ರಿ ಹಿಂದೆ ತೆಗೆದರೆ ಸಾಲುತ್ತದೆ.

ನಿಮ್ಮ ಇಂಟೇಕ್ ಮ್ಯಾನಿಫೋಲ್ಡ್ ಪ್ಲಾಸ್ಟಿಕ್‌ನದು. ಕಡಿಮೆ ಆರ್‌ಪಿಎಂನಲ್ಲಿ ವೆಟ್ ಕಿಟ್ ಬಿಟ್ಟರೆ ಪೆಟ್ರೋಲ್ ಅಲ್ಲೇ ನಿಂತು, ಬ್ಯಾಕ್‌ಫೈರ್ ಆದರೆ ಮ್ಯಾನಿಫೋಲ್ಡ್ ಒಡೆದು ಚೂರಾಗುತ್ತದೆ. 3500 ಆರ್‌ಪಿಎಂ ಕೆಳಗೆ ಬಿಡಲೇಬೇಡಿ. ಅಮೆರಿಕದ ಡ್ರ್ಯಾಗ್ ರೇಸ್ ಸಂಸ್ಥೆಯಾದ ಎನ್‌ಎಚ್‌ಆರ್‌ಎ ನಿಯಮದಂತೆ ಬಾಟಲ್‌ಗೆ ಡಿಒಟಿ-1800 (1800 ಪಿಎಸ್‌ಐ ಒತ್ತಡದ ದರ್ಜೆ) ಮುದ್ರೆ ಇರಬೇಕು, ಅದು ಭದ್ರವಾಗಿ ಬೋಲ್ಟ್ ಆಗಿರಬೇಕು, ಹೋಸ್ ಕ್ಲ್ಯಾಂಪ್ ನಡೆಯುವುದಿಲ್ಲ. ಕಾರಿನೊಳಗೆ ಇದ್ದರೆ ರಿಲೀಫ್ ವಾಲ್ವ್ ಹೊರಕ್ಕೆ ತೆರೆಯಬೇಕು. ಅದೇ ಕಾರನ್ನು ಆಫೀಸಿಗೂ ಓಡಿಸುವುದಾದರೆ ಕ್ಯಾಲಿಫೋರ್ನಿಯಾದ ಏರ್ ರಿಸೋರ್ಸಸ್ ಬೋರ್ಡ್ ಕೊಡುವ ಇಒ (ಅನುಮತಿ) ನಂಬರ್ ಇರುವ ಕಿಟ್ ಮಾತ್ರ ತೆಗೆದುಕೊಳ್ಳಿ.

ರೇಸಿಗೆ ಮೊದಲು ಬಾನೆಟ್ ಹತ್ತಿರ ಬುಸ್ ಅಂತ ಬಿಳಿ ಹೊಗೆ ಬಿಡುತ್ತಾರಲ್ಲ, ಅದು ಬರೀ ಶೋಕಿಯಾ?
– ಹುಬ್ಬಳ್ಳಿಯ ಓದುಗರು

ಶೋಕಿ ಅಲ್ಲ, ಪರ್ಜ್ ಅನ್ನುತ್ತಾರೆ. ಬಾಟಲ್‌ನಿಂದ ಇಂಜಿನ್‌ವರೆಗಿನ ಉದ್ದ ಪೈಪಿನಲ್ಲಿ ಗಾಳಿ, ಆವಿ ನಿಂತಿರುತ್ತದೆ. ಅದನ್ನು ಹೊರಬಿಟ್ಟರೆ ಸೊಲಿನಾಯ್ಡ್ ಬಾಗಿಲವರೆಗೆ ದ್ರವ ಬಂದು ನಿಲ್ಲುತ್ತದೆ. ಇಲ್ಲದಿದ್ದರೆ ಬಟನ್ ಒತ್ತಿದ ಮೊದಲ ಕ್ಷಣ ಆವಿ ಬಂದು, ಪೆಟ್ರೋಲ್ ಮಾತ್ರ ಪೂರ್ತಿ ಹೋಗಿ, ಇಂಜಿನ್ ಮುಗ್ಗರಿಸುತ್ತದೆ. ಪರ್ಜ್ ಪೈಪಿನ ತುದಿ ಇಂಜಿನ್ನಿನ ಏರ್ ಫಿಲ್ಟರ್ ಹತ್ತಿರ ಇರಬಾರದು. ಬಿಟ್ಟ ನೈಟ್ರಸ್ಸನ್ನೇ ಇಂಜಿನ್ ಎಳೆದುಕೊಂಡರೆ ಅದಕ್ಕೆ ಪೆಟ್ರೋಲ್ ಕೊಡುವವರು ಯಾರೂ ಇರುವುದಿಲ್ಲ. ಮುಖ ಹತ್ತಿರ ಇಟ್ಟು ನಿಲ್ಲಬೇಡಿ, ಚರ್ಮ ಹೆಪ್ಪುಗಟ್ಟಿ ಸುಟ್ಟ ಗಾಯವಾಗುತ್ತದೆ. ಒಂದೆರಡು ಸೆಕೆಂಡು ಬಿಟ್ಟರೆ ಸಾಕು.